ಮಸಾಲೆ ಡಬ್ಬಿಯ ಮಂತ್ರಿಮಂಡಲ

ನಾನು ಐದನೇ ತರಗತಿಯಲ್ಲಿದ್ದ ವರ್ಷ ಹ್ಯೂಸ್ಟನ್‌ನಲ್ಲಿ ಅವ್ವನ ಅಮೆರಿಕದ ಪೌರತ್ವದ ಸಂದರ್ಶನ ನಡೆಯಿತು. ಸೀದ ಸಾಸಿವೆಯ ವಾಸನೆ ಬಂದರೆ ಈಗಲೂ ಆ ಸಂದರ್ಶನದ ಹಿಂದಿನ ದಿನದ ಮಧ್ಯಾಹ್ನ ನೆನಪಾಗುತ್ತದೆ.

ರಾತ್ರಿ ಪಾಳಿ ಮುಗಿಸಿ ಬಂದ ಅವ್ವ ಸ್ವಲ್ಪವೇ ಮಲಗಿ ಎದ್ದು, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದಳು. ಸಂದರ್ಶನದಲ್ಲಿ ಅಮೆರಿಕದ ಸರ್ಕಾರದ ಬಗ್ಗೆ ನಡೆಯುವ ಪರೀಕ್ಷೆಯ ಪ್ರಶ್ನೆಗಳನ್ನು ಅವಳಿಗೆ ಕೇಳಿಸುವ ಕೆಲಸ ನನ್ನದು. ಅಧ್ಯಕ್ಷರ ಸಚಿವ ಸಂಪುಟ ಮಾತ್ರ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಮಸಾಲೆ ಡಬ್ಬಿ ತೆರೆದಳು.

"ಖಾರದಪುಡಿ ರಕ್ಷಣಾ ಇಲಾಖೆ. ಅರಿಶಿಣ ಆರೋಗ್ಯ. ಸಾಸಿವಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ, ನಮ್ಮ ಪೌರತ್ವದ ಫೈಲ್ ಅಲ್ಲೇ ಐತಿ."

"ಹಾಗಾದ್ರೆ ಅಧ್ಯಕ್ಷರು ಏನು ಮಾಡ್ತಾರೆ?" ಇಂಗ್ಲಿಷಿನಲ್ಲೇ ಕೇಳಿದೆ.

"ಒಬ್ಬಾಂವ ಎಲ್ಲಾ ಎಲ್ಲಿ ನೋಡ್ತಾನ? ಇಲಾಖೆಗೊಬ್ಬ ಸೆಕ್ರೆಟರೀನ ಇಟ್ಕೊಂಡಾನ, ನಮ್ಮ ಕಡೆ ಮಂತ್ರಿ ಇದ್ದಂಗ. ನನಗೂ ಒಬ್ಬಾಂವ ಇದ್ದಿದ್ರ ಪಾತ್ರಿ ತೊಳೀತಿದ್ದ."

ಗೋಡೆಗೊರಗಿ ಕಣ್ಣು ಮುಚ್ಚಿದಳು. "ನಾ ಪಾಸಾದ್ರಷ್ಟ ನನ್ನ ತಂಗೀನ, ನಿಮ್ಮ ಮೌಶೀನ ಇಲ್ಲಿಗೆ ಕರಿಸ್ಕೊಳ್ಳಾಕ ಅರ್ಜಿ ಹಾಕಬಹುದು. ಇನ್ನೊಮ್ಮೆ ಕೇಳು."

ಕೇಳಿದೆ. ಅವ್ವ ಉತ್ತರ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಸಾಸಿವೆ ಸೀದಿತ್ತು.

ಸಂದರ್ಶನದಲ್ಲಿ ಸಂಪುಟದ ಪ್ರಶ್ನೆ ಬರಲಿಲ್ಲ. ಅವ್ವ ಪಾಸಾದಳು, ಪೌರತ್ವ ಸಿಕ್ಕ ವಾರವೇ ತಂಗಿಗಾಗಿ ಅರ್ಜಿ ಹಾಕಿದಳು. ಮೌಶಿ ಈಗ ಅಜ್ಜಿಯಾಗಿದ್ದಾಳೆ. ಅರ್ಜಿ ಇನ್ನೂ ಸರದಿಯಲ್ಲಿದೆ.