ಬಾಯಿ ತೆರೆಯದ ಹಳದಿ ಮೀನು

ಮೀನಿನ ತಿನಿಸಿನ ಡಬ್ಬಿ ತೆರೆದರೆ ಬರುವ ಒಣ ಸೀಗಡಿಯ ವಾಸನೆಗೆ ಇವತ್ತಿಗೂ ನನಗೆ ಚಳ್ಳಕೆರೆಯ ಪಕ್ಕದ ಮನೆಯ ಚಾಚಿ ನೆನಪಾಗುತ್ತಾರೆ.

ಅವ್ವ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ನನ್ನನ್ನು ಅವರ ಮನೆಯಲ್ಲಿ ಬಿಟ್ಟಿದ್ದರು. ರಂಜಾನ್ ತಿಂಗಳ ಮಧ್ಯಾಹ್ನ. ಗಾಜಿನ ತೊಟ್ಟಿಯಲ್ಲಿ ಎರಡು ಹಳದಿ ಸಿಕ್ಲಿಡ್ ಮೀನುಗಳಿದ್ದವು. ಅವುಗಳಲ್ಲೊಂದು, ನಾನು ಎಷ್ಟು ತಿನಿಸು ಹಾಕಿದರೂ ಬಾಯಿ ತೆರೆಯದೆ ಮೂಲೆ ಹಿಡಿದಿತ್ತು. ಗ್ಯಾರೇಜಿನಿಂದ ಬಂದ ಚಾಚಾ ಪುಟ್ಟ ಬಲೆ ಎತ್ತಿಕೊಂಡು, "ಈ ಗಂಡಿಗೆ ಏನೋ ರೋಗ ಐತೆ, ತೆಗೆದು ಬಕೆಟ್‌ಗೆ ಹಾಕ್ತೀನಿ" ಎಂದರು.

"ಬಿಡ್ರಿ," ಎಂದು ಚಾಚಿ ತಡೆದರು. "ಎರಡೂ ನೋಡಕ್ಕೆ ಒಂದೇ ತರ. ಆದ್ರೆ ಇದರ ಗಂಟಲು ಉಬ್ಬೈತೆ ನೋಡ್ರಿ. ಇದು ಹೆಣ್ಣು. ಬಾಯಾಗೆ ಮರಿ ಇಟ್ಕೊಂಡೈತೆ. ಅವು ಹೊರಗೆ ಬರೋತನಕ ಏನೂ ತಿನ್ನಲ್ಲ."

ನಾನು ಗಾಜಿಗೆ ಮೂಗು ಒತ್ತಿ ನಿಂತೆ. ಮೀನಿನ ತುಟಿ ಒಂದಿಷ್ಟು ಸಡಿಲಾದಾಗ ಒಳಗೆ ಸಾಸಿವೆಯಂಥ ಕಣ್ಣುಗಳು ಮಿನುಗಿದವು.

"ಅದಕ್ಕೆ ಹಸಿವಾಗಲ್ವಾ, ಚಾಚಿ?"

"ಆಗ್ತೈತೆ."

ಆಮೇಲೆ ಅವರು ಬಿಸಿ ರೊಟ್ಟಿಗೆ ತುಪ್ಪ ಸವರಿ, ಮುರಿದು, ನನ್ನ ಬಾಯಿಗಿಟ್ಟರು. "ಇನ್ನೊಂದು ತುತ್ತು ತಿನ್ನವ್ವ," ಎನ್ನುತ್ತಿದ್ದ ಅವರ ತುಟಿ ಬೆಳಗಿನಿಂದ ನೀರು ಕಂಡಿರಲಿಲ್ಲ.