ಕೂಸಿಗೆ ಎರೆಯುವ ಕಾಲು

ಕೆಳಗೆ ಭೂಮಿಯಲ್ಲಿ ಮಗಳು ಹೆತ್ತಿದ್ದಳು. ಆಕಾಶದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತೇಲುತ್ತಲೇ ದುಡಿದ ಫಕೀರವ್ವ ಬಾಣಂತನಕ್ಕೆ ಇಳಿಯಬೇಕಿತ್ತು. ಇಳಿಯುವವರು ಮೊದಲು, ಗರಗರ ತಿರುಗಿ ಭೂಮಿಯಷ್ಟೇ ಭಾರ ಹುಟ್ಟಿಸುವ ಕೋಣೆಯಲ್ಲಿ ಆ ಭಾರ ತಡೆದು ತೋರಿಸಬೇಕು. ಸೋತವರು ಮತ್ತೆಂದೂ ಇಳಿಯುವಂತಿಲ್ಲ. ಜೊತೆಗೇ ದುಡಿದ ಗಂಡ ಸಲೀಸಾಗಿ ಗೆದ್ದಿದ್ದ.

“ಮುಟ್ಟು ನಿಂತ ಹೆಂಗಸರ ಎಲುಬು ಇಲ್ಲಿ ಹಪ್ಪಳ ಆಗಿರ್ತಾವ, ಯವ್ವಾ,” ಎಂದಳು ಡಾಕ್ಟರಮ್ಮ.

“ನಾ ಏನ್ ಕುಸ್ತಿಗೆ ಹೊಂಟೇನೇನ? ಕೂಸಿಗೆ ಎರ್ಯಾಕ ಹೊಂಟೇನಿ.”

ಕೋಣೆ ತಿರುಗಿತು. ಫಕೀರವ್ವ ಕಾಲು ನೀಡಿ ಕುಳಿತು, ಕೂಸಿನಷ್ಟೇ ಭಾರದ ಹಿಟ್ಟಿನ ಚೀಲವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತೀಡುವಂತೆ ಒತ್ತಿದಳು. ಕಾಲಿನ ಎಲುಬು ಲಟಕ್ಕೆಂದಿತು.

ಕೋಣೆ ನಿಂತಿತು. ಚೀಲ ಮುರಿದ ಕಾಲಿನಿಂದ ಮೆಲ್ಲಗೆ ಮೇಲೆದ್ದು ತೇಲಿತು. ಅವಳು ಅದನ್ನು ಹಿಡಿದು, ಬಾಗಿಲಿಗೆ ಬಂದಿದ್ದ ಗಂಡನತ್ತ ನೂಕಿದಳು.

“ಹಿಡಿ. ಕುತ್ತಿಗಿಗೆ ಕೈ ಕೊಡೋ, ಮೂಳ. ಕೂಸದು.”