ಫರಸಿ ಧೂಳಿನ ಹೆಬ್ಬೆಟ್ಟು

"ಎಲ್ಲಿ, ಕೈ ತೋರ್ಸು ಮಾಣಿಕಪ್ಪ," ಎಂದರು ಗ್ರಂಥಪಾಲಕ ರಘುವೀರರು, ವಾಚನಾಲಯದ ಬಾಗಿಲಿಗೆ ಅಡ್ಡ ನಿಂತು.

ಫರಸಿ ಕಲ್ಲು ಪಾಲಿಶ್ ಮಾಡುವ ಮಾಣಿಕಪ್ಪ ಎರಡೂ ಕೈ ಚಾಚಿದ. ಸಾಬೂನು ಹಚ್ಚಿ ತೊಳೆದುಕೊಂಡೇ ಬಂದಿದ್ದ. ಆದರೂ ಬೆರಳ ಗೆರೆಗಳಲ್ಲಿ ಕಲ್ಲಿನ ಬಿಳಿ ಧೂಳು ಹಾಗೇ ಕೂತಿತ್ತು. ಅವನು ಅಂಗಿ ಒಮ್ಮೆ ಜಾಡಿಸಿದರೆ ಒಂದು ಗೋಡೆಗೆ ಸುಣ್ಣ ಹೊಡೆದಂತಾಗುತ್ತದೆ ಎಂದು ಶಹಾಬಾದದಲ್ಲಿ ಅವನ ಜೊತೆಗಾರರು ಆಣೆ ಮಾಡಿ ಹೇಳುತ್ತಾರೆ.

"ನೋಡ್ರಿ ಟೀಚರ್," ರಘುವೀರರು ಒಳಗಿದ್ದ ಶ್ರೀವಿದ್ಯಾಳನ್ನು ಸಾಕ್ಷಿಗೆ ಕರೆದರು. "ಯಾವ ಬುಕ್ ತಗದ್ರೂ ಬೆನ್ನಿಗೆ ಇವನ ಹೆಬ್ಬೆಟ್ಟು! ಸಾಕಾಯ್ತು. ಇನ್ನಮ್ಯಾಲ ಇಂವಾ ಕಪಾಟ ಮುಟ್ಟಂಗಿಲ್ಲ."

ಶ್ರೀವಿದ್ಯಾ ಕಪಾಟು ಬಿಟ್ಟು ಬಾಗಿಲಿಗೆ ಬಂದಳು. ಸೇಡಂನಿಂದ ವರ್ಗವಾಗಿ ಬಂದ ಹೊಸದರಲ್ಲಿ, ಹೊತ್ತು ಹೋಗದೆ ಅವಳು ಇಲ್ಲಿಗೆ ಬಂದಿದ್ದಳು. ಇಲ್ಲಿ ಅಡುಗೆ ಪುಸ್ತಕದ ಪಕ್ಕ ಕಾನೂನು, ಕಾನೂನಿನ ತಲೆಯ ಮೇಲೆ ಕಾದಂಬರಿ. ಕಪಾಟಿಗೆ ಅಂಟಿಸಿದ ಚೀಟಿಗಳನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು. ಛಲೋ ಕಾದಂಬರಿ ಎಲ್ಲಿವೆ ಎಂದು ಕೇಳಿದರೆ ರಘುವೀರರು, "ಇರ್ತಾವ, ಹುಡುಕ್ರಿ" ಎನ್ನುತ್ತಿದ್ದರು. ಒಂದು ದಿನ ಬೇಸತ್ತು, ಬೆನ್ನಿಗೆ ಬಿಳಿ ಹೆಬ್ಬೆಟ್ಟು ಒತ್ತಿದ್ದ ಪುಸ್ತಕವೊಂದನ್ನು ಎಳೆದು ಒಯ್ದಳು. ಅವತ್ತು ಒಲೆಯ ಮೇಲಿನ ಕುಕ್ಕರ್ ಸೀಟಿ ಹೊಡೆದು ಹೊಡೆದು ದಣಿದು ತಾನೇ ಸುಮ್ಮನಾಯಿತು. ಅಂದಿನಿಂದ ಅವಳು ಹುಡುಕುವುದನ್ನೇ ಬಿಟ್ಟಳು. ಹೆಬ್ಬೆಟ್ಟು ಕಂಡಲ್ಲಿ ಕೈ ಹಾಕುವುದು, ಅಷ್ಟೇ. ಒಂದು ಪುಸ್ತಕವೂ ಅವಳಿಗೆ ಕೈ ಕೊಟ್ಟಿರಲಿಲ್ಲ.

"ಸರ್, ಇವರಿಗಿ ಬ್ಯಾಡ ಅನಬ್ಯಾಡ್ರಿ," ಎಂದಳು. "ಇವರ ಹೆಬ್ಬೆಟ್ಟು ನೋಡೇ ನಾ ಬುಕ್ ಒಯ್ಯಾಕತ್ತೀನ್ರಿ. ಇವರು ಬರೋದು ಬಿಟ್ರ ನನಗ ಈ ಕಪಾಟಿನಾಗ ದಾರೀನೇ ಇಲ್ಲ."

"ಧೂಳು ನೋಡಿ ಬುಕ್ ಒಯ್ತೀರಿ?"

"ನಿಮಗ ಕೇಳಿದ್ರ ಹುಡುಕ್ರಿ ಅಂತೀರಿ. ಧೂಳಾದ್ರೂ ಹೇಳ್ತದ."

ರಘುವೀರರು ಕನ್ನಡಕ ಒರೆಸಿಕೊಂಡರು. "ಹೋಗು ಒಳಗ, ಟೀಚರ್ ಹೇಳ್ಯಾರಂತ ಬಿಟ್ಟೀನಿ," ಎಂದು ಬಾಗಿಲು ಬಿಟ್ಟರು.

ಶ್ರೀವಿದ್ಯಾ ಮಾಣಿಕಪ್ಪನಿಗೆ ಕೈ ಮುಗಿದಳು. "ಅಣ್ಣಾ, ಇಷ್ಟ ದಿನ ನನಗ ಬುಕ್ ಆರಿಸಿ ಕೊಟ್ಟವರು ನೀವೇ. ಈ ಊರಾಗ ನನ್ನ ಜೀವಾ ಹಿಡಿದು ಇಟ್ಟೀರಿ. ನಿಮ್ಮ ಉಪಕಾರ ಭಾಳ ದೊಡ್ಡದು."

ಮಾಣಿಕಪ್ಪ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

"ಅಯ್ಯ ಟೀಚರಬಾಯಿ, ಅವು ನನಗ ಹಿಡಿಸಲಾರದವು ರಿ! ಅದಕ್ಕೇ ವಾಪಸ್ ತಂದು ಇಟ್ಟೀನಿ. ಹಿಡಿಸಿದವು ಬಿಡಾಕ ಮನಸ್ಸೇ ಬರ್ಲಿಲ್ಲ. ಎಲ್ಲಾ ಮನ್ಯಾಗ ಅವ."

"ಮನಿ ಎಲ್ಲದ?"

ಕೇಳಿದ್ದು ಇಬ್ಬರೂ, ಒಂದೇ ಉಸಿರಿಗೆ. ರಘುವೀರರು ಮೇಜಿನ ಕೆಳಗೆ ಚಪ್ಪಲಿ ಹುಡುಕುವಷ್ಟರಲ್ಲಿ ಶ್ರೀವಿದ್ಯಾ ಖಾಲಿ ಚೀಲ ಬಿಡಿಸಿ ಹಿಡಿದು ಮೆಟ್ಟಿಲು ಇಳಿದಾಗಿತ್ತು.